ಇಂಜಿನಿಯರಿಂಗ್ ಫಸ್ಟ್ ಇಯರ್: ನಮ್ಮ ಕಡಿ ಹುಡುಗ್ರು ಪದೇ ಪದೇ ಕೇಳೋ ಪ್ರಶ್ನೆಗಳು

ಪ್ರತಿ ವರ್ಷ ಸೀಟ್ ಅಲಾಟ್ ಆದ ವಾರನೇ ನನ್ನ ಫೋನಿಗೆ ಅವೇ ಮೆಸೇಜು ಚಾಲೂ ಆಗ್ತಾವ, ಅಣ್ಣಾ ಮ್ಯಾಥ್ಸ್ ಭಾಳ ಕಷ್ಟ ಏನು, ಅಣ್ಣಾ ನಂದು ಕನ್ನಡ ಮೀಡಿಯಂ ನಡೀತೈತೇನು, ಅಣ್ಣಾ ಲ್ಯಾಪ್‌ಟಾಪ್ ಯಾವ್ದು ತಗೊಳ್ಳಿ. ನಾನು ಕಾರಟಗಿ ಕಡಿಯಂವ, ಓದಿದ್ದು ಬಳ್ಳಾರಿಯಾಗ, ಈಗ ಕೊಪ್ಪಳದಾಗ ಇರ್ತೀನಿ, ಸಂಜಿ ಮುಂದ ಫಸ್ಟ್ ಇಯರ್ ಹುಡುಗ್ರಿಗೆ ಮ್ಯಾಥ್ಸು, ಸಿ ಪ್ರೋಗ್ರಾಮಿಂಗ್ ಹೇಳಿಕೊಡ್ತೀನಿ. ಒಬ್ಬೊಬ್ರಿಗೂ ಟೈಪ್ ಮಾಡಿ ಮಾಡಿ ಬೆರಳು ನೋವು ಬಂದ್ವು, ಅದಕ ಎಲ್ಲಾ ಒಂದೇ ಕಡೆ ಬರದಿಟ್ಟೀನಿ. ಇಲ್ಲಿರೋದು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳ ಲೆಕ್ಕ, ಮಾರ್ಕ್ಸಿನ ರೂಲ್ಸ್ 2022ರ ಸ್ಕೀಮಿಂದು, ಸ್ಕೀಮ್ ಅಂದ್ರ ಸಿಲೆಬಸ್ಸು, ಮಾರ್ಕ್ಸಿನ ನಿಯಮ ಎಲ್ಲಾ ಸೇರಿದ್ದು. ನಿಮ್ಮ ಬ್ಯಾಚ್ ಯಾವ ಸ್ಕೀಮ್ ಅಂತ ಮೊದ್ಲು ನೋಡ್ಕೊಳ್ರಿ, ವಿಟಿಯು ಸ್ಕೀಮ್ ಬದಲಿ ಮಾಡೂದ್ರಾಗ ಭಾಳ ಚುರುಕು.

ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಅಂದ್ರೇನು? ಯಾವ್ದು ಬಂದ್ರ ಚೊಲೋ?

ಕಾಲೇಜಿನ ಅರ್ಧ ಸೆಕ್ಷನ್ನಿಗೆ ಮೊದಲ ಸೆಮ್‌ನಾಗ ಫಿಸಿಕ್ಸ್ ಬರತೈತಿ, ಉಳಿದ ಅರ್ಧಕ್ಕ ಕೆಮಿಸ್ಟ್ರಿ, ಎರಡನೇ ಸೆಮ್‌ನಾಗ ಅದ್ಲಿ ಬದ್ಲಿ ಆಗತೈತಿ. ಅಷ್ಟ. ಲ್ಯಾಬು, ಸ್ಟಾಫು ಎಲ್ಲಾರ್ಗೂ ಒಮ್ಮೆಲೇ ಸಾಲೂದಿಲ್ಲಲ್ಲ ಅದಕ. ಮ್ಯಾಥ್ಸ್ ಮಾತ್ರ ಎರಡೂ ಸೆಮ್‌ನಾಗ ಇರತೈತಿ, ಅದ್ರ ಕೈಯಾಗಿಂದ ಯಾರೂ ತಪ್ಪಿಸ್ಕೊಳ್ಳಂಗಿಲ್ಲ. ಡ್ರಾಯಿಂಗ್ ಕೆಮಿಸ್ಟ್ರಿ ಸೈಕಲ್ಲಿನ್ಯಾಗ ಬರತೈತಿ, ಅದಕ ಕೆಮಿಸ್ಟ್ರಿ ಸೈಕಲ್ ಅಂದ್ರ ಹುಡುಗ್ರು ಹೆದರ್ತಾರ. ಯಾವ್ದು ಮೊದ್ಲ ಬಂದ್ರೂ ವರ್ಷದ ಕೊನೀಗೆ ಎರಡೂ ಮುಗಿಸಿರ್ತೀರಿ, ಇದರ ಬಗ್ಗೆ ತಲಿ ಕೆಡಿಸ್ಕೊಂಡು ಪ್ರಯೋಜನ ಇಲ್ಲ.

ಪಿಯುಸಿ ಮ್ಯಾಥ್ಸ್‌ನಾಗ 90ರ ಮ್ಯಾಲೆ ತಗದೀನಿ, ಆದ್ರೂ ಫಸ್ಟ್ ಇಂಟರ್ನಲ್ಲಿನ್ಯಾಗ ಬಿದ್ದೆ, ಯಾಕ?

ಇಂಟರ್ನಲ್ ಅಂದ್ರ ಸೆಮ್ ನಡುವ ಕಾಲೇಜೇ ಇಡೂ ಟೆಸ್ಟು. ನಾನೂ ಬಿದ್ದಿದ್ದೆ ಮಾರಾಯಾ, 20ಕ್ಕ 4 ಬಂದಿತ್ತು. ಪಿಯುಸಿಯಾಗ ನಾವು ಮಾಡೂದು ಏನು, ಹಳೇ ಪೇಪರ್ ಐದು ವರ್ಷದ್ದು ತಿರುವೂದು, ಅದೇ ಲೆಕ್ಕ ನಂಬರ್ ಬದಲಾಗಿ ಬರತೈತಿ, ಕಣ್ಣಾಗ ಓದಿದ್ರೂ ಬರೀಬೋದು. ಇಲ್ಲಿ ಒಂದೊಂದು ಲೆಕ್ಕ ಎರಡು ಪುಟ ಓಡತೈತಿ, ಮಧ್ಯ ಎಲ್ಲೋ ಒಂದು ಮೈನಸ್ ಬಿಟ್ರ ಮುಂದಿಂದೆಲ್ಲಾ ಹೋಯ್ತು. ಕಣ್ಣಿನಾಗ ಓದಿದಂವಗ ಅರ್ಥ ಆಗಿರತೈತಿ, ಕೈಗೆ ಗೊತ್ತಿರೂದಿಲ್ಲ. ನಾನು ನನ್ನ ಹುಡುಗ್ರಿಗೆ ಹೇಳೂದು ಒಂದೇ, ಫಸ್ಟ್ ಇಯರ್‌ನಾಗ ಕೈ ಓಡಬೇಕು. ದಿನಾ ನಾಕು ಲೆಕ್ಕ, ಪೆನ್ನಿನಿಂದ, ಉತ್ತರ ನೋಡದಂಗ, ಕೊನೀ ಲೈನ್ ತನಕ.

ಇನ್ನೊಂದು ಕಾರಣ ಐತಿ. ಫಾರ್ಮುಲಾ ಬರತೈತಿ, ಅದು ಏನು ಹೇಳಕತ್ತೈತಿ ಅಂತ ಗೊತ್ತಿರೂದಿಲ್ಲ. ನ್ಯೂಟನ್ನನ ತಂಪಾಗೂ ನಿಯಮ ತಗೊಳ್ರಿ, ಡಿಫರೆನ್ಷಿಯಲ್ ಈಕ್ವೇಶನ್ ಮಾಡ್ಯೂಲಿನ್ಯಾಗ (ಮಾಡ್ಯೂಲ್ ಅಂದ್ರ ಸಿಲೆಬಸ್ಸಿನ ಒಂದು ಭಾಗ) ಬರತೈತಿ. ರಾಯಚೂರಿನ ಮೇ ತಿಂಗಳು, ರೂಮಿನ ಟೆಂಪರೇಚರ್ 42 ಡಿಗ್ರಿ ಅನ್ರಿ, ಚಾ 90 ಡಿಗ್ರಿ ಐತಿ, 10 ನಿಮಿಷಕ್ಕ 66ಕ್ಕ ಇಳೀತು. ಇನ್ನ 10 ನಿಮಿಷಕ್ಕ ಎಷ್ಟು? ಕ್ಲಾಸಿನ್ಯಾಗ ಕೇಳಿದ್ರ ಅರ್ಧ ಮಂದಿ 42 ಅಂತಾರ, ಮೊದ್ಲ 24 ಇಳೀತು ಮತ್ತ 24 ಇಳೀತೈತಿ ಅಂತ. ತಪ್ಪು. ಚಾ ನೋಡೂದು ರೂಮಿಗೂ ತನಗೂ ಎಷ್ಟು ಫರಕ್ ಐತಿ ಅಂತ. ಫರಕ್ 48 ಇತ್ತು, 10 ನಿಮಿಷಕ್ಕ 24 ಆತು, ಅಂದ್ರ ಅರ್ಧ ಆತು, ಮುಂದಿನ 10 ನಿಮಿಷಕ್ಕ ಮತ್ತ ಅರ್ಧ ಆಗಿ 12, ಅಂದ್ರ ಚಾ 54 ಡಿಗ್ರಿ. ಈಗ ಅದೇ ಕಪ್ಪು ಅದೇ ಚಾ ಡಿಸೆಂಬರ್ ರಾತ್ರಿ 18 ಡಿಗ್ರಿ ರೂಮಿನ್ಯಾಗ ಇಡ್ರಿ, ಫರಕ್ 72, 10 ನಿಮಿಷಕ್ಕ 36, ಚಾ 54. ಬ್ಯಾಸಗ್ಯಾಗ 20 ನಿಮಿಷ ಹಿಡಿದಿದ್ದು ಚಳಿಗಾಲದಾಗ ಹತ್ತೇ ನಿಮಿಷ. ಇಷ್ಟು ತಲ್ಯಾಗ ಕುಂತ್ರ ಆಮ್ಯಾಲ ಎಕ್ಸ್‌ಪೊನೆನ್ಷಿಯಲ್, ಲಾಗು ಎಲ್ಲಾ ಬರೀ ಬರವಣಿಗಿ ಕೆಲಸ.

ಕಂಪ್ಯೂಟರ್ ಸೈನ್ಸ್ ಕಡಿಯವ್ರಿಗೆ ಮಾಡ್ಯುಲರ್ ಅರಿತ್ಮೆಟಿಕ್ ಅಂತ ಒಂದು ಬರತೈತಿ, ಹೆಸರು ಕೇಳಿ ಹೆದರಬ್ಯಾಡ್ರಿ, ಇವತ್ತು ಸೋಮವಾರ ಆದ್ರ 100 ದಿನ ಬಿಟ್ಟು ಯಾವ ವಾರ ಅನ್ನೂದೇ ಅದು. 100ನ್ನ 7ರಿಂದ ಭಾಗಿಸಿದ್ರ ಶೇಷ 2, ಬುಧವಾರ. ನಿಮ್ಮ ಅಜ್ಜಿ ಸಂತಿ ಲೆಕ್ಕ ಹಿಂಗಾ ಹಾಕ್ತಾಳ.

ನಂದು ಹತ್ತನೇತ್ತ ತನಕ ಕನ್ನಡ ಮೀಡಿಯಂ. ನಡೀತೈತಾ?

ನಡೀತೈತಿ, ಆದ್ರ ಮೊದಲ ಎಂಟು ಹತ್ತು ವಾರ ಸುಸ್ತು ಹೊಡೀತೈತಿ, ಅದನ್ನ ಮುಚ್ಚಿಡಂಗಿಲ್ಲ. ಲೆಕ್ಚರರ್ ಹೇಳೂ ಮಾತಿನ್ಯಾಗ ಅರ್ಧ ಹೋಗತಿರತೈತಿ. ನಾನು ಮಾಡಿದ್ದು ಹೇಳ್ತೀನಿ, ಒಂದು ಸಣ್ಣ ನೋಟ್‌ಬುಕ್ಕಿನ್ಯಾಗ ಎಡಗಡೆ ಇಂಗ್ಲಿಷ್ ಟರ್ಮು, ಬಲಗಡೆ ನನಗ ತಿಳಿಯೋ ಕನ್ನಡದಾಗ ಅದರ ಅರ್ಥ, ಡಿಕ್ಷನರಿ ಅರ್ಥ ಅಲ್ಲ ನನ್ನ ಅರ್ಥ. ಟಾರ್ಕ್ ಅಂದ್ರ ನಟ್ಟು ತಿರುವೂ ಜೋರು, ವಿಸ್ಕಾಸಿಟಿ ಅಂದ್ರ ಎಣ್ಣಿ ನಿಧಾನ ಹರಿಯೂದು, ಕರೋಷನ್ ಅಂದ್ರ ಜಂಗು. ವಿಚಾರ ಕನ್ನಡದಾಗ ಮಾಡ್ರಿ, ಬರಿಯೂದು ಇಂಗ್ಲಿಷಿನ್ಯಾಗ ಬರೀರಿ. ಪೇಪರಿನ್ಯಾಗ ಬೇಕಾಗೂದು ದೊಡ್ಡ ಇಂಗ್ಲಿಷ್ ಅಲ್ಲ, ಡೆಫಿನಿಷನ್ ಒಂದೆರಡು ಲೈನು, ನೀಟಾಗಿ ಒಂದು ಚಿತ್ರ, ಸ್ಟೆಪ್ಪು. ಕ್ಲಾಸಿನ್ಯಾಗ ಡೌಟು ಕನ್ನಡದಾಗ ಕೇಳ್ರಿ, ಯಾರಾರ ನಕ್ಕರ ನಗಲಿ, ಹಂಗ ನಕ್ಕವ್ರು ನನ್ನ ಬ್ಯಾಚಿನ್ಯಾಗ ಆಮ್ಯಾಲ ನನ್ನ ನೋಟ್ಸೇ ಕೇಳಾಕ ಬರ್ತಿದ್ರು. ಬಳ್ಳಾರಿ, ರಾಯಚೂರಿನ್ಯಾಗ ಅಂತೂ ಕ್ಲಾಸಿನ ಹಿಂದಿನ ಬೆಂಚಿನ್ಯಾಗ ಕನ್ನಡ, ತೆಲುಗು, ಉರ್ದು ಮೂರೂ ಓಡ್ತಿರತಾವ, ಇಂಗ್ಲಿಷ್ ಎಲ್ಲಾರ್ಗೂ ಪರದೇಶಿನೇ.

ಸಾಂಸ್ಕೃತಿಕ ಕನ್ನಡ, ಬಳಕೆ ಕನ್ನಡ ಅಂತ ಎರಡು ಇರತಾವಲ್ಲ ಅಂತನೂ ಕೇಳ್ತೀರಿ. ಕನ್ನಡ ಬರೂರ್ಗೆ ಮೊದಲ್ನೇದು, ಬರದವ್ರಿಗೆ ಎರಡನೇದು. ಒಂದೇ ಕ್ರೆಡಿಟ್ ಅಂತ ಬಿಡಬ್ಯಾಡ್ರಿ, ಕನ್ನಡದಾಗ ಫೇಲಾದ ಕನ್ನಡದಂವ ಅಂತ ಹಾಸ್ಟೆಲ್ಲಿನ್ಯಾಗ ನಾಕು ವರ್ಷ ಕಾಡ್ತಾರ.

ಸಿ ಪ್ರೋಗ್ರಾಮಿಂಗ್ ಒಮ್ಮೆನೂ ನೋಡಿಲ್ಲ, ಕಂಪ್ಯೂಟರ್ರೇ ಸರಿಯಾಗಿ ಮುಟ್ಟಿಲ್ಲ, ಹೆಂಗ ಶುರು ಮಾಡ್ಲಿ?

ಪೇಪರಿನ ಮ್ಯಾಲಿಂದ. ನಗಬ್ಯಾಡ್ರಿ, ಖರೇನ. ಸಿ ಲ್ಯಾಬಿನ್ಯಾಗ ಕರೆಂಟ್ ಬಿಲ್ಲಿನ ಪ್ರೋಗ್ರಾಮ್ ಒಂದು ಐತಿ, ಎಲ್ಲಾರೂ ಬಾಯಿಪಾಠ ಮಾಡಿ ಟೈಪ್ ಮಾಡಿ ಬರ್ತಾರ. ಅದರಾಗಿನ ರೇಟು ನಮ್ಮ ಕಡಿ ಕರೆಂಟ್ ಕಂಪನಿ ಜೆಸ್ಕಾಂ ರೇಟಲ್ಲ, ಲೆಕ್ಕಕ್ಕಂತ ಕೊಟ್ಟಿದ್ದು: ಮೊದಲ 200 ಯೂನಿಟ್ಟಿಗೆ 80 ಪೈಸೆ, ಮುಂದಿನ 100ಕ್ಕ 90 ಪೈಸೆ, 300 ದಾಟಿದ್ರ 1 ರೂಪಾಯಿ, ಮೀಟರ್ ಚಾರ್ಜ್ 100 ರೂಪಾಯಿ, ಒಟ್ಟು 400ಕ್ಕಿಂತ ಹೆಚ್ಚಾದ್ರ 15 ಪರ್ಸೆಂಟ್ ಸರ್‌ಚಾರ್ಜ್. ಈಗ ಕೈಲೆ ಮಾಡ್ರಿ, 350 ಯೂನಿಟ್ ಅಂದ್ರ 160, 90, 50 ಸೇರಿ 300, ಮೀಟರ್ ಚಾರ್ಜ್ ಸೇರಿ ಸರಿಯಾಗಿ 400. ಹೆಚ್ಚಾಗಿಲ್ಲ, ಸರ್‌ಚಾರ್ಜ್ ಇಲ್ಲ. ಒಂದೇ ಯೂನಿಟ್ ಜಾಸ್ತಿ, 351, ಒಟ್ಟು 401, ಈಗ 15 ಪರ್ಸೆಂಟ್ ಬಿತ್ತು, ಬಿಲ್ 461 ರೂಪಾಯಿ 15 ಪೈಸೆ. ಒಂದು ಯೂನಿಟ್ಟಿಗೆ 61 ರೂಪಾಯಿ ಚಿಲ್ಲರೆ ಏರಿತು. ನೀವು ಕೋಡಿನ್ಯಾಗ ‘ಹೆಚ್ಚು’ ಬದಲಿ ‘ಹೆಚ್ಚು ಅಥವಾ ಸಮ’, ಅಂದ್ರ ‘>’ ಬದಲಿ ‘>=’ ಬರದ್ರ 350 ಯೂನಿಟ್ಟಿನಂವಗೂ 60 ರೂಪಾಯಿ ಸುಮ್ನ ಹಾಕ್ತೀರಿ. ವೈವಾದಾಗ (ಲ್ಯಾಬಿನ ಬಾಯಿಮಾತಿನ ಪರೀಕ್ಷಾ) ಇದನ್ನ ಕೇಳಿದ್ರ ಬಾಯಿಪಾಠ ಮಾಡಿದಂವ ಮ್ಯಾಲ ನೋಡ್ತಾನ, ಕೈಲೆ ಲೆಕ್ಕ ಹಾಕಿದಂವ ಹೇಳ್ತಾನ.

ಮತ್ತ ಫಸ್ಟ್ ಇಯರ್‌ನಾಗ ಎಲ್ಲಾರೂ ಮಾಡೂ ತಪ್ಪು ಮೂರು. ಸ್ಕ್ಯಾನ್‌ಎಫ್‌ನಾಗ ‘&’ ಬಿಡೂದು. ಇಫ್ ಒಳಗ ‘==’ (ಸಮ ಐತೇನು ಅಂತ ಕೇಳೂದು) ಬದಲಿ ‘=’ (ಬೆಲಿ ತುಂಬೂದು) ಹಾಕೂದು, ಕಂಪ್ಯೂಟರ್ ಬೈಯೂದಿಲ್ಲ, ಸುಮ್ನ ತಪ್ಪು ಉತ್ತರ ಕೊಡತೈತಿ, ಅದು ಇನ್ನೂ ಕೆಟ್ಟದ್ದು. ಮೂರನೇದು ಇಂಟಿಜರ್ ಭಾಗಾಕಾರ: ಎರಡು ಟೆಸ್ಟಿನ್ಯಾಗ 17, 18 ಬಂದ್ವು, ಆವರೇಜ್ ತಗೀ ಅಂತ 35ನ್ನ 2ರಿಂದ ಭಾಗಿಸಿದ್ರ ಸಿ ಹೇಳೂದು 17, ಅರ್ಧ ಮಾರ್ಕ್ಸ್ ನುಂಗಿಬಿಡತೈತಿ. 2.0ರಿಂದ ಭಾಗಿಸ್ರಿ, 17.5 ಬರತೈತಿ.

ಡ್ರಾಯಿಂಗ್ ನೋಡಿದ್ರ ತಲಿ ತಿರಗತೈತಿ. ವಸ್ತು ಕಣ್ಮುಂದ ಬರೂದೇ ಇಲ್ಲ.

ಬರೂದಿಲ್ಲ, ಯಾರ್ಗೂ ಮೊದ್ಲ ಬರೂದಿಲ್ಲ. ಕಂಪ್ಯೂಟರಿನ್ಯಾಗ ಗೆರಿ ಎಳೀತೀವಿ ಅಂತ ಸಾಫ್ಟ್‌ವೇರ್ ಕಲಿಯಾಕ ಓಡಬ್ಯಾಡ್ರಿ, ಸಾಫ್ಟ್‌ವೇರ್ ಒಂದು ವಾರದಾಗ ಬರತೈತಿ. ಚಾಕ್ ಪೀಸಿನ ಡಬ್ಬಿ ತಗೊಳ್ರಿ, ಎರಡು ರಟ್ಟು ಎಲ್ ಆಕಾರದಾಗ ಮಡಚಿ ಹಿಡೀರಿ, ಡಬ್ಬಿ ಅದರೊಳಗ ಇಡ್ರಿ, ಎದರಿಂದ ನೋಡಿದ್ದು ಹಿಂದಿನ ಗ್ವಾಡಿ ಮ್ಯಾಲೆ, ಮ್ಯಾಲಿಂದ ನೋಡಿದ್ದು ಕೆಳಗಿನ ನೆಲದ ಮ್ಯಾಲೆ. ಈಗ ನೆಲದ ರಟ್ಟು ಕೆಳಗ ಬಿಚ್ಚಿ ಚಪ್ಪಟಿ ಮಾಡ್ರಿ. ಅದಕ ಫಸ್ಟ್ ಆಂಗಲ್ ಅನ್ನೂ ಈ ಪದ್ಧತ್ಯಾಗ ಫ್ರಂಟ್ ವ್ಯೂ ಮ್ಯಾಲೆ, ಟಾಪ್ ವ್ಯೂ ಕೆಳಗ. ಇದನ್ನ ಬಾಯಿಪಾಠ ಮಾಡಿದವ್ರು ಪರೀಕ್ಷಾದಾಗ ಉಲ್ಟಾ ಹಾಕ್ತಾರ, ರಟ್ಟು ಮಡಚಿದವ್ರು ಹಾಕೂದಿಲ್ಲ.

ಡೆವಲಪ್‌ಮೆಂಟ್ ಆಫ್ ಸರ್ಫೇಸ್ ಅನ್ನೂದು ನಮ್ಮ ಶೇಂಗಾ ಪೊಟ್ಲಿ. ಬಸ್ ಸ್ಟ್ಯಾಂಡಿನ್ಯಾಗ ಶೇಂಗಾ ಮಾರೂ ಅಜ್ಜ ಪೇಪರ್ ಸುತ್ತಿ ಕೋನ್ ಮಾಡ್ತಾನ, ಅದನ್ನ ಬಿಚ್ಚಿದ್ರ ಏನು ಆಕಾರ ಬರತೈತಿ ಅಂತ ಕೇಳೂದೇ ಪ್ರಶ್ನೆ. ಬಾಯಿಯ ರೇಡಿಯಸ್ 5 ಸೆಂಟಿಮೀಟರ್, ಓರೆ ಉದ್ದ 15 ಆದ್ರ, 5 ಭಾಗ 15 ಗುಣ 360, ಅಂದ್ರ 120 ಡಿಗ್ರಿಯ ಬೀಸಣಿಗಿ ಆಕಾರ. ಒಮ್ಮೆ ಪೇಪರ್ ಕತ್ತರಿಸಿ ಸುತ್ತಿ ನೋಡ್ರಿ, ಜೀವಮಾನದಾಗ ಮರಿಯೂದಿಲ್ಲ.

ನಾನು ಕಂಪ್ಯೂಟರ್ ಸೈನ್ಸ್ ತಗೊಂಡೀನಿ, ನನಗ್ಯಾಕ ಸಿವಿಲ್, ಮೆಕ್ಯಾನಿಕ್ಸು?

ಎಲ್ಲಾರ್ಗೂ ಬರೂದಿಲ್ಲ, ಬ್ರಾಂಚಿನ ಮ್ಯಾಲೆ, ಕಾಲೇಜು ಕೊಡೂ ಆಪ್ಷನ್ ಮ್ಯಾಲೆ ಹೋಗತೈತಿ. ಬಂದ್ರ ಬೈಕೋಬ್ಯಾಡ್ರಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ಕಟ್ ಆಗಿ ಕೊಚ್ಚಿಕೊಂಡು ಹೋತು. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಭತ್ತದವ್ರಿಗೆಲ್ಲಾ ಅವತ್ತು ನಿದ್ದಿ ಇಲ್ಲ, ನಮ್ಮ ಮನ್ಯಾಗ ಅಪ್ಪ ರಾತ್ರಿಯೆಲ್ಲಾ ಫೋನ್ ಹಿಡ್ಕೊಂಡು ಕುಂತಿದ್ದ. ಡ್ಯಾಮಿಗೆ 33 ಗೇಟು, ಒಂದೊಂದು 60 ಅಡಿ ಅಗಲ, 20 ಅಡಿ ಎತ್ತರ. ಮೀಟರಿನ್ಯಾಗ ಅಂದಾಜು 18.3 ಮತ್ತ 6.1. ಗೇಟಿನ ತುದಿ ತನಕ ನೀರು ನಿಂತ್ರ ಎಷ್ಟು ಬಲ ದೂಡತೈತಿ? ಅರ್ಧ ಗುಣ 9810 (ಒಂದು ಘನ ಮೀಟರ್ ನೀರಿನ ತೂಕ, ನ್ಯೂಟನ್ ಲೆಕ್ಕದಾಗ) ಗುಣ 6.1ರ ವರ್ಗ ಗುಣ 18.3. ಹೆಚ್ಚು ಕಡಿಮಿ 33 ಲಕ್ಷ ನ್ಯೂಟನ್, ಅಂದ್ರ 340 ಟನ್ ತೂಕ ಕುಂತಂಗ. ಆ ಬಲ ನಟ್ಟ ನಡು ಕುಂಡ್ರೂದಿಲ್ಲ, ಕೆಳಗಿಂದ ಮೂರನೇ ಒಂದು ಎತ್ತರದಾಗ ಕುಂಡ್ರತೈತಿ, ಯಾಕಂದ್ರ ಆಳ ಹೆಚ್ಚಿದಂಗ ಒತ್ತಡ ಹೆಚ್ಚು. ಆಮ್ಯಾಲ ಗೇಟ್ ಎಕ್ಸ್‌ಪರ್ಟ್ ಕನ್ನಯ್ಯ ನಾಯ್ಡು ಅವ್ರ ಮಾರ್ಗದರ್ಶನದಾಗ ಹರಿಯೂ ನೀರಿನ್ಯಾಗನ ಸ್ಟಾಪ್ ಲಾಗ್ (ಗೇಟಿನ ಜಾಗಾದಾಗ ನೀರು ತಡಿಯೂ ತಾತ್ಕಾಲಿಕ ತಡೆ) ಇಳಿಸಿದ್ರು, ಸುಮಾರು ಒಂದು ವಾರದಾಗ. ಸೆಂಟ್ರಾಯ್ಡ್ (ಆಕಾರದ ನಟ್ಟ ನಡು ಬಿಂದು), ಮೊಮೆಂಟ್ (ಬಲ ತಿರುಗಿಸೂ ಜೋರು) ಅಂತ ಬೋರ್ಡ್ ಮ್ಯಾಲೆ ಬರಿಯೂವಾಗ ನಾನು ಈ ಗೇಟಿನ ಚಿತ್ರನೇ ಹಾಕ್ತೀನಿ, ಕ್ಲಾಸ್ ಗಪ್ ಆಗತೈತಿ, ಯಾಕಂದ್ರ ಅದ್ರಾಗ ಅರ್ಧ ಮಂದಿ ಮನೀ ಹೊಲ ಅದೇ ನೀರು ಕುಡಿಯೂದು.

ಕೆಮಿಸ್ಟ್ರಿ ಯಾವ ಕೆಲಸಕ್ಕ ಬರತೈತಿ?

ನಿಮ್ಮ ಊರಿನ ಬೋರ್ ನೀರಿನ್ಯಾಗ ಸಾಬೂನು ನೊರಿ ಬರತೈತೇನು? ನೀರು ಕಾಸೂ ಹಂಡೇದ ಒಳಗ ಬಿಳೇ ಪದರ ಕುಂತಿರತೈತಲ್ಲ, ಕ್ಯಾಲ್ಸಿಯಂ, ಮ್ಯಾಗ್ನೀಷಿಯಂ ಲವಣ ಅದು. ನೀರು ಎಷ್ಟು ಗಡಸು ಅಂತ ಅಳಿಯಾಕ ಲ್ಯಾಬಿನ್ಯಾಗ ಇಡಿಟಿಎ ಟೈಟ್ರೇಷನ್ ಅಂತ ಮಾಡಸ್ತಾರ, ಬಫರ್ ಹಾಕಿ ಪಿಎಚ್ 10ಕ್ಕ ಇಟ್ಟು, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಅನ್ನೂ ಬಣ್ಣ ಚಿಟಿಕಿ ಹಾಕಿ, ವೈನಿನಂಥಾ ಕೆಂಪು ಬಣ್ಣದಿಂದ ನೀಲಿಗೆ ತಿರುಗೂ ತನಕ ಇಡಿಟಿಎ ದ್ರಾವಣ ಹನಿ ಹನಿ ಬಿಡೂದು. ಕಾಲೇಜಿನ ಸ್ಯಾಂಪಲ್ ಮುಗಿದ ಮ್ಯಾಲೆ ಮನೀ ನೀರು ಒಂದು ಬಾಟ್ಲಿ ಒಯ್ದು ಲ್ಯಾಬ್ ಸರ್‌ಗೆ ಕೇಳಿ ಮಾಡ್ರಿ, ಬಹಳ ಮಂದಿ ಹ್ಞೂಂ ಅಂತಾರ. ರಾಯಚೂರು ಕಡಿ ಶಕ್ತಿನಗರದ ಥರ್ಮಲ್ ಪ್ಲಾಂಟಿನ್ಯಾಗ, ಬಳ್ಳಾರಿ ಕಡಿ ಕುಡತಿನಿ ಪ್ಲಾಂಟಿನ್ಯಾಗ ಬಾಯ್ಲರಿಗೆ ಹಿಂಥಾ ನೀರು ಹಂಗ ಬಿಟ್ರ ಪೈಪಿನ ಒಳಗ ಅದೇ ಬಿಳೇ ಪದರ ಕುಂತು ಶಾಖ ಒಳಗ ಹೋಗೂದಿಲ್ಲ, ಪೈಪೇ ಸುಟ್ಟು ಒಡೀತೈತಿ. ಅದಕ ಅಲ್ಲಿ ನೀರು ಶುದ್ಧ ಮಾಡೂದೇ ಒಂದು ದೊಡ್ಡ ವಿಭಾಗ.

ಫಿಸಿಕ್ಸು?

ಲೇಸರ್, ಆಪ್ಟಿಕಲ್ ಫೈಬರ್, ಕ್ವಾಂಟಮ್, ಸೆಮಿಕಂಡಕ್ಟರ್. ಡೆರಿವೇಷನ್ ಹತ್ತು ಹನ್ನೆರಡು ಇರತಾವ, ಒಂದೊಂದು ಮೂರು ಸಲ ಬರದ್ರ ಸಾಕು. ರೆಕಾರ್ಡ್ ಬುಕ್ ಮಾತ್ರ ವಾರ ವಾರ ಮುಗಸ್ರಿ.

ಎಲೆಕ್ಟ್ರಿಕಲ್ ಭಯ ಆಗತೈತಿ, ಶಾಕ್ ಹೊಡೀತೈತಿ ಅಂತಲ್ಲ, ಸರ್ಕ್ಯೂಟೇ ತಿಳಿಯೂದಿಲ್ಲ.

ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿ ನೋಡೀರಲ್ಲ, ಅಲ್ಲಿಂದ ಶುರು ಮಾಡ್ರಿ. 7.5 ಎಚ್‌ಪಿ ಅಂದ್ರ 746ರಿಂದ ಗುಣಸ್ರಿ, 5595 ವ್ಯಾಟ್. ಮೂರು ವಯರ್ ಯಾಕ, ಒಂದು ಫೇಸ್ ಹೋದ್ರ ಮೋಟರ್ ಗುಂಯ್ ಅಂತ ಸುಡೂದು ಯಾಕ, ಕೆಪಾಸಿಟರ್ ಹಚ್ಚಿದ್ರ ಕರೆಂಟ್ ಎಳಿಯೂದು ಯಾಕ ಕಡಿಮಿ ಆಗತೈತಿ, ಇವು ಮೂರು ಪ್ರಶ್ನೆ ಹಿಡ್ಕೊಂಡು ಕ್ಲಾಸಿಗೆ ಹೋಗ್ರಿ. ಕಿರ್ಚಾಫ್‌ನ ಕರೆಂಟ್ ನಿಯಮ ಅಂದ್ರ ಕಾಲುವೆ ಲೆಕ್ಕ, ತೂಬಿಗೆ ಬಂದಷ್ಟು ನೀರು ಎರಡು ಕಾಲುವ್ಯಾಗ ಸೇರಿ ಹೊರಗ ಹೋಗಬೇಕು, ನಡುವ ಎಲ್ಲೂ ಮಾಯ ಆಗಂಗಿಲ್ಲ.

ಪಾಸಾಗಾಕ ಎಷ್ಟು ಬೇಕು? ಒಬ್ಬೊಬ್ರು ಒಂದೊಂದು ಹೇಳ್ತಾರ.

ಇಂಟರ್ನಲ್ 50, ಸೆಮ್ ಪರೀಕ್ಷಾ 50. ಪರೀಕ್ಷಾ ಬರಿಯೂದು 100ಕ್ಕ, ಆಮ್ಯಾಲ 50ಕ್ಕ ಇಳಸ್ತಾರ. ಇಂಟರ್ನಲ್ಲಿನ್ಯಾಗ ಕನಿಷ್ಠ 20, ಪರೀಕ್ಷಾದಾಗ ಕನಿಷ್ಠ 18, ಎರಡೂ ಸೇರಿ 40. ಇಲ್ಲೇ ಹುಡುಗ್ರು ಮೋಸ ಹೋಗೂದು. 20 ಬಂತು, 18 ಬಂತು, ಪಾಸ್ ಅಂತ ಮಿರ್ಚಿ ಮಂಡಕ್ಕಿ ತಿನ್ನಾಕ ಹೋಗ್ತಾರ, ಕೂಡಿಸಿದ್ರ 38, ಫೇಲು. ಎರಡು ಮಾರ್ಕ್ಸ್ ಎಲ್ಲಾರ ಒಂದು ಕಡೆ ಹೆಚ್ಚಿಗಿ ಬೇಕೇ ಬೇಕು, ಮತ್ತ ಅದು ಇಂಟರ್ನಲ್ಲಿನ್ಯಾಗ ಸಿಗೂದು ಸುಲಭ, ಯಾಕಂದ್ರ ಅಲ್ಲಿ ಅಸೈನ್‌ಮೆಂಟ್ ಐತಿ, ಲ್ಯಾಬ್ ಇರೂ ಸಬ್ಜೆಕ್ಟಿನ್ಯಾಗ ದೊಡ್ಡ ಪಾಲು ಲ್ಯಾಬಿಂದು. ನಮ್ಮ ಕಡಿ ಹುಡುಗ್ರು ಅಸೈನ್‌ಮೆಂಟ್ ಅಂದ್ರ ಕೊನೀ ದಿನ ಜೆರಾಕ್ಸ್ ಅಂಗಡಿ ಮುಂದ ನಿಂತು ಕಾಪಿ ಹೊಡಿಯೂದು ಅಂದ್ಕೊಂಡಾರ. ಹೊಡೀರಿ, ಆದ್ರ ಸ್ವಲ್ಪ ಮೊದ್ಲ ಹೊಡೀರಿ.

ಒಂದು ಮಾಡ್ಯೂಲ್ ಪೂರ್ತಿ ಬಿಟ್ರ ನಡೀತೈತಾ?

ಐದು ಮಾಡ್ಯೂಲ್, ಒಂದೊಂದ್ರಾಗ ಎರಡು ಪ್ರಶ್ನೆ, ಅದರಾಗ ಒಂದು ಬರೀಬೇಕು, ಒಂದಕ್ಕ 20 ಮಾರ್ಕ್ಸ್. ಒಂದು ಮಾಡ್ಯೂಲ್ ಬಿಟ್ರಿ ಅಂದ್ರ 80ಕ್ಕ ಆಡ್ತೀರಿ, ಪಾಸ್ ಆಗ್ಬೋದು. ಆದ್ರ ಮ್ಯಾಥ್ಸ್‌ನಾಗ ಬಿಡೂದು ಯಾವ್ದು ಅಂತ ಸೆಮ್ಮಿನ ಶುರುವಿನ್ಯಾಗನ ತೀರ್ಮಾನ ಮಾಡ್ಕೊಂಡು ಕುಂದ್ರಬ್ಯಾಡ್ರಿ, ನಾನು ಬಿಟ್ಟ ಮಾಡ್ಯೂಲೇ ಮೂರನೇ ಸೆಮ್‌ನಾಗ ಬ್ಯಾರೆ ಹೆಸರು ಇಟ್ಕೊಂಡು ಬಂದು ಕಾಡಿತು.

ಯೂಟ್ಯೂಬ್ ನೋಡಿ ಪಾಸಾಗ್ಬೋದಾ?

ನೋಡೂದು ತಪ್ಪಲ್ಲ, ನಾನೂ ನೋಡ್ತೀನಿ. ಬರೇ ನೋಡಿದ್ರ ಈಜು ಕಲಿಯಾಕ ಕಾಲುವಿ ದಂಡಿ ಮ್ಯಾಲೆ ಕುಂತಂಗ. ವೀಡಿಯೊ ಅರ್ಧಕ್ಕ ನಿಲ್ಲಿಸಿ ಉಳಿದ ಲೆಕ್ಕ ನೀವು ಮಾಡ್ರಿ, ಆಮ್ಯಾಲ ಮುಂದ ಓಡಸ್ರಿ. ಎರಡು ಪಟ್ಟು ಸ್ಪೀಡಿನ್ಯಾಗ ಇಟ್ಟು ರಾತ್ರಿ ಒಂದು ಗಂಟೆಕ್ಕ ನೋಡೂದು ಓದಲ್ಲ, ಅದು ಸಿನಿಮಾ.

ಊರಿಂದ ದಿನಾ ಬಸ್ಸಿನ್ಯಾಗ ಓಡಾಡ್ಬೋದಾ?

ಒಂದು ತಾಸಿನ ಒಳಗ ಇದ್ರ ಓಡಾಡ್ರಿ, ಕೆಕೆಆರ್‌ಟಿಸಿ ಸ್ಟೂಡೆಂಟ್ ಪಾಸ್ ಸಿಗತೈತಿ. ಅಟೆಂಡೆನ್ಸ್ 85 ಪರ್ಸೆಂಟ್ ಬೇಕು ಅನ್ನೂದು ನೆನಪಿರಲಿ, ಬೆಳಿಗ್ಗೆ ಮೊದಲ ಕ್ಲಾಸಿಗೆ ಬಸ್ ಲೇಟ್ ಆದ್ರ ಸುಟ್ಟುಕೊಳ್ಳೂದು ಯಾವಾಗ್ಲೂ ಅದೇ ಒಂದು ಸಬ್ಜೆಕ್ಟು. ಟೈಮ್ ಟೇಬಲ್ ನೋಡಿ ಆ ಲೆಕ್ಚರರ್‌ಗೆ ಮೊದ್ಲ ಹೇಳಿಡ್ರಿ.

ಲ್ಯಾಪ್‌ಟಾಪ್ ಬೇಕೇ ಬೇಕಾ?

ಫಸ್ಟ್ ಇಯರಿಗೆ ಬೇಕೇ ಬೇಕು ಅಂತಿಲ್ಲ. ಲ್ಯಾಬ್ ಐತಿ, ಸಿ ಕೋಡ್ ಮೊಬೈಲಿನ್ಯಾಗ ಓಡಿಸೂ ಆ್ಯಪು ಅದಾವ. ಭತ್ತದ ರೊಕ್ಕ ಬಂದ ಮ್ಯಾಲೆ ಎರಡನೇ ವರ್ಷಕ್ಕ ತಗೊಳ್ರಿ, ಅಷ್ಟೊತ್ತಿಗೆ ನಿಮಗ ಏನು ಬೇಕು ಅಂತನೂ ಗೊತ್ತಾಗಿರತೈತಿ.

371ಜೆ ಸರ್ಟಿಫಿಕೇಟ್ ಫಸ್ಟ್ ಇಯರ್ ಆದ ಮ್ಯಾಲೂ ಬೇಕಾ?

ಜೋಪಾನ ಇಟ್ಕೊಳ್ರಿ, ಸಂವಿಧಾನದ 371ಜೆ ಪ್ರಕಾರ ಕಲ್ಯಾಣ ಕರ್ನಾಟಕದವ್ರಿಗೆ ಇರೂ ಮೀಸಲಾತಿಯ ಪುರಾವೆ ಅದು. ಸೀಟಿಗಷ್ಟ ಅಲ್ಲ, ಮುಂದ ಸರ್ಕಾರಿ ನೌಕರಿಗೂ ಬೇಕಾಗತೈತಿ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತ 2021ರಾಗ ಬಳ್ಳಾರಿಯಿಂದ ಬ್ಯಾರೆ ಆದ ವಿಜಯನಗರ, ಈ ಏಳು ಜಿಲ್ಲಾದವ್ರಿಗೆ ಅನ್ವಯ. ಒರಿಜಿನಲ್ ಲ್ಯಾಮಿನೇಷನ್ ಮಾಡಸ್ಬ್ಯಾಡ್ರಿ, ಸ್ಕ್ಯಾನ್ ಮಾಡಿ ಇಡ್ರಿ.

ಡಿಪ್ಲೊಮಾ ಮುಗಿಸಿ ಬಂದೀನಿ, ನನಗ ಇದೆಲ್ಲಾ ಐತಾ?

ಇಲ್ಲ, ನೀವು ನೇರ ಮೂರನೇ ಸೆಮ್ಮಿಗೆ ಬರ್ತೀರಿ. ಲ್ಯಾಬಿನ್ಯಾಗ ನೀವು ರಾಜ, ಮ್ಯಾಥ್ಸ್‌ನಾಗ ಪಿಯುಸಿಯವ್ರು ರಾಜ. ಜಾಯಿನ್ ಆಗೂ ಮೊದಲಿನ ಒಂದು ತಿಂಗಳು ಬರೇ ಇಂಟಿಗ್ರೇಷನ್, ಪಾರ್ಷಿಯಲ್ ಡಿಫರೆನ್ಷಿಯೇಷನ್ ಮಾಡ್ರಿ, ಬ್ಯಾರೆ ಏನೂ ಬ್ಯಾಡ.

ಕ್ಯಾಲ್ಕುಲೇಟರ್ ಯಾವ್ದು ತಗೊಳ್ಳಿ?

ಸಾದಾ ಸೈಂಟಿಫಿಕ್, ಪ್ರೋಗ್ರಾಮ್ ಮಾಡೂ ನಮೂನಿದು ಒಳಗ ಬಿಡೂದಿಲ್ಲ. ತಗೊಂಡ ದಿನನೇ ಡಿಗ್ರಿ, ರೇಡಿಯನ್ ಮೋಡ್ ಬದಲಿ ಮಾಡೂದು ಕಲೀರಿ. ಪರೀಕ್ಷಾ ಹಾಲಿನ್ಯಾಗ ಕುಂತ ಕೂಡ್ಲೇ ಸೈನ್ 30 ಒತ್ತಿ ನೋಡ್ರಿ, 0.5 ಬಂದ್ರ ಡಿಗ್ರಿ. ಮೈನಸ್ 0.988 ಬಂತು ಅಂದ್ರ ಅದು ರೇಡಿಯನ್‌ನಾಗ ಐತಿ, ಪಕ್ಕದಂವಗ ನಿನ್ನೆ ರಾತ್ರಿ ಕೊಟ್ಟಿದ್ರಿ, ಅಂವ ಬದಲಿ ಮಾಡಿ ಹಂಗ ವಾಪಸ್ ಕೊಟ್ಟಾನ.